ವಜ್ರದ ವ್ಯಾಪಾರ, ನಂಬಿಕೆ ಮತ್ತು ನ್ಯಾಯಶಾಸ್ತ್ರ: ಒಂದು ವಿಮರ್ಶೆ

ನ್ಯಾಯಶಾಸ್ತ್ರದ ಪಂಡಿತರು ಸಾಮಾನ್ಯವಾಗಿ ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತು ವ್ಯಾಪಾರವನ್ನು ನೋಡುತ್ತಾರೆ. ವ್ಯಾಜ್ಯವಾಗಿ ಒಳಬಂದದ್ದು ಅವರ ಕಣ್ಣಿಗೆ ಬೀಳುತ್ತದೆ. ವ್ಯಾಜ್ಯವಿಲ್ಲದೆ ಪೇಟೆಯಲ್ಲೇ ಮುಗಿದುಹೋದದ್ದು ಬೀಳುವುದಿಲ್ಲ. 1992ರಲ್ಲಿ ಅಮೆರಿಕದ ಲಿಸಾ ಬರ್ನ್‌ಸ್ಟೈನ್ ಅವರು ನ್ಯೂಯಾರ್ಕಿನ ವಜ್ರವ್ಯಾಪಾರಿಗಳನ್ನು ಕುರಿತು ‘ಜರ್ನಲ್ ಆಫ್ ಲೀಗಲ್ ಸ್ಟಡೀಸ್’ ಎಂಬ ನಿಯತಕಾಲಿಕದಲ್ಲಿ ಪ್ರಕಟಿಸಿದ ಪ್ರಬಂಧವು ಈ ರೂಢಿಯನ್ನು ಮುರಿಯಿತು. ಲಕ್ಷಾಂತರ ರೂಪಾಯಿ ಬೆಲೆಯ ಹರಳುಗಳು ಕರಾರುಪತ್ರವಿಲ್ಲದೆ, ವಕೀಲರಿಲ್ಲದೆ, ಕೈಕುಲುಕಿ ಆಡುವ ಎರಡು ಶುಭನುಡಿಗಳ ಮೇಲೆ ಕೈಬದಲಾಗುವುದು ಹೇಗೆ ಎಂಬುದೇ ಆ ಪ್ರಬಂಧದ ಪ್ರಶ್ನೆ. ಅಲ್ಲಿಂದ ಮುಂದೆ ಕಾನೂನು ಕಾಲೇಜುಗಳಲ್ಲಿ ‘ನ್ಯಾಯಾಲಯದ ಹೊರಗಿನ ನ್ಯಾಯ’ ಎಂಬ ವಿಷಯ ಬಂದಾಗಲೆಲ್ಲ ವಜ್ರದ ಉದಾಹರಣೆ ತಪ್ಪದೆ ಬರುತ್ತಿದೆ. 2017ರಲ್ಲಿ ಬರಾಕ್ ರಿಚ್‌ಮನ್ ಅವರು ಇದೇ ವಿಷಯವನ್ನು ವಿಸ್ತರಿಸಿ ‘ಸ್ಟೇಟ್‌ಲೆಸ್ ಕಾಮರ್ಸ್’ ಎಂಬ ಗ್ರಂಥವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರತಂದರು. ಪ್ರಭುತ್ವದ ಹಂಗಿಲ್ಲದ ವ್ಯಾಪಾರ ಎಂಬುದು ಆ ಹೆಸರಿನ ಅರ್ಥ.

ಈ ಸಾಹಿತ್ಯವನ್ನು ಜೈನ ಓದುಗರು ಗಮನಿಸಬೇಕಾದ ಕಾರಣ ಸ್ಪಷ್ಟವಾಗಿದೆ. ನ್ಯೂಯಾರ್ಕಿನ ಯೆಹೂದಿ ವರ್ತಕರನ್ನು ಕುರಿತು ಆರಂಭವಾದ ಮಾತು ಇಂದು ಬಹುಮಟ್ಟಿಗೆ ಭಾರತದ ವರ್ತಕರಿಗೆ, ಅವರಲ್ಲೂ ಉತ್ತರ ಗುಜರಾತಿನ ಪಾಲನಪುರದಿಂದ ಹೊರಟು ಮುಂಬಯಿ, ಆಂಟ್‌ವರ್ಪ್‌ಗಳಲ್ಲಿ ನೆಲೆಸಿದ ಜೈನ ಕುಟುಂಬಗಳಿಗೆ ಅನ್ವಯಿಸುತ್ತದೆ. ಸಮುದಾಯದ ಸಭೆಗಳಲ್ಲಿ ಈ ವಿದ್ವಾಂಸರ ತೀರ್ಮಾನವು ಪ್ರಶಂಸಾಪತ್ರದಂತೆ ಉಲ್ಲೇಖವಾಗುವುದೂ ಉಂಟು. ಪ್ರಶಂಸಾಪತ್ರವನ್ನು ಚೌಕಟ್ಟು ಹಾಕಿಸುವ ಮುನ್ನ ಅದರಲ್ಲಿ ಏನು ಬರೆದಿದೆ, ಏನು ಬಿಟ್ಟಿದೆ ಎಂದು ಓದಿ ನೋಡುವುದು ವ್ಯಾಪಾರಿಯ ಲಕ್ಷಣ.

ಮೊದಲು ಬರೆದದ್ದನ್ನು ನೋಡಬೇಕು. ಬರ್ನ್‌ಸ್ಟೈನ್ ಅವರ ವಿವರಣೆ ವ್ಯಾಪಾರ ಬಲ್ಲವನಿಗೆ ಸರಿಯೆನಿಸುವಂಥದು. ವಜ್ರ ಅಂಗೈಯಲ್ಲಿ ಅಡಗುವ ವಸ್ತು. ಅದರ ಬೆಲೆ ನೋಡುವ ಕಣ್ಣಿನ ಮೇಲೆ ನಿಂತಿದೆ. ಒಬ್ಬ ಕೊಡಬೇಕಾದ ಹಣವನ್ನು ತಡಮಾಡಿದರೆ ಇನ್ನೊಬ್ಬನ ಮಾತು ತಪ್ಪುತ್ತದೆ, ಅವನಿಂದ ಮೂರನೆಯವನ ಮಾತು ತಪ್ಪುತ್ತದೆ. ನ್ಯಾಯಾಲಯ ಮೂರು ವರ್ಷದ ಮೇಲೆ ಅಸಲು ಬಡ್ಡಿ ಕೊಡಿಸಬಹುದು. ಕೆಟ್ಟುಹೋದ ಸಾಖನ್ನು ಕೊಡಿಸಲಾರದು. ಆದ್ದರಿಂದ ನ್ಯೂಯಾರ್ಕಿನ ವಜ್ರವರ್ತಕರ ಕ್ಲಬ್ಬಿಗೆ ಸೇರುವವನು ತನ್ನ ವ್ಯಾಪಾರದ ಜಗಳಗಳನ್ನು ಕ್ಲಬ್ಬಿನ ಪಂಚರ ಮುಂದೆಯೇ ಒಯ್ಯುವುದಾಗಿ ಮೊದಲೇ ಸಹಿ ಮಾಡಿಕೊಡುತ್ತಾನೆ. ಪಂಚಾಯಿತಿ ಗುಟ್ಟಾಗಿ ನಡೆಯುತ್ತದೆ. ತೀರ್ಪಿನಂತೆ ಹಣ ಕೊಟ್ಟವನ ಹೆಸರು ಹೊರಬೀಳುವುದಿಲ್ಲ. ಕೊಡದವನ ಭಾವಚಿತ್ರ ಗೋಡೆಯ ಮೇಲೆ ಬರುತ್ತದೆ, ಸುದ್ದಿ ಪ್ರಪಂಚದ ಇತರ ವಜ್ರಪೇಟೆಗಳಿಗೂ ಹೋಗುತ್ತದೆ. 1947ರಲ್ಲಿ ಸ್ಥಾಪಿತವಾದ ವಜ್ರಪೇಟೆಗಳ ವಿಶ್ವಒಕ್ಕೂಟ ಇದಕ್ಕೆ ದಾರಿ ಮಾಡಿಕೊಟ್ಟಿದೆ. ರಿಚ್‌ಮನ್ ಇದಕ್ಕೆ ಕುಲ, ಕುಟುಂಬಗಳ ಬಲವನ್ನು ಸೇರಿಸುತ್ತಾರೆ. ತಂದೆಯ ಹೆಸರು ಮಗನಿಗೆ ಬಂಡವಾಳವಾಗುವ ಕಡೆ, ತಂದೆ ಸಾಯುವ ಹಿಂದಿನ ದಿನವೂ ಮೋಸ ಮಾಡುವುದಿಲ್ಲ ಎಂಬುದು ಅವರ ವಾದದ ಸಾರ. ಈ ಮಾತು ಚಿಕ್ಕಪೇಟೆಯ ಯಾವ ಗದ್ದಿಯಲ್ಲಾದರೂ ಹೊಸದಲ್ಲ. ಆದರೆ ಅದನ್ನು ತರ್ಕಬದ್ಧವಾಗಿ ನಿರೂಪಿಸಿ, ಇದು ಹಿಂದುಳಿದವರ ಪದ್ಧತಿಯಲ್ಲ, ಈ ಸರಕಿಗೆ ತಕ್ಕ ಪದ್ಧತಿ ಎಂದು ಸ್ಥಾಪಿಸಿದ್ದು ಇವರ ಸಾಧನೆ. ಏಷ್ಯದವರು ಸಂಬಂಧವನ್ನು ನಂಬುತ್ತಾರೆ, ಪಶ್ಚಿಮದವರು ಕಾನೂನನ್ನು ನಂಬುತ್ತಾರೆ ಎಂಬ ಹಳೆಯ ಜಾಡಿಗೆ ನ್ಯೂಯಾರ್ಕಿನ ನಲವತ್ತೇಳನೆಯ ಬೀದಿಯಿಂದಲೇ ಉತ್ತರ ಬಂದದ್ದು ಒಂದು ಸೊಗಸು.

ಈ ಪದ್ಧತಿಯ ಭಾರತೀಯ ರೂಪ ‘ಜಂಗಡ್’. ಮುಂಬಯಿಯ ವರ್ತಕ ದಲಾಲನಿಗೋ ಇನ್ನೊಬ್ಬ ವರ್ತಕನಿಗೋ ಹರಳಿನ ಪೊಟ್ಟಣವನ್ನು ಒಂದು ಚೀಟಿಯ ಮೇಲೆ ಕೊಡುತ್ತಾನೆ. ತೋರಿಸು, ಒಪ್ಪಿಗೆಯಾದರೆ ಹೇಳು, ಇಲ್ಲವಾದರೆ ಹಿಂದಕ್ಕೆ ತಾ ಎಂಬುದು ಕರಾರು. ಒಪ್ಪಿಗೆಯಾಗುವ ತನಕ ಮಾಲು ಕೊಟ್ಟವನದೇ. ಇದು ಬರಿಯ ನಂಬಿಕೆಯ ಮಾತೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಒಪ್ಪಿಗೆಯ ಮೇಲೆ ಕೊಟ್ಟ ಸರಕಿನ ಒಡೆತನ ಯಾವಾಗ ಕೈಬದಲಾಗುತ್ತದೆ ಎಂಬುದನ್ನು 1930ರ ಸರಕು ಮಾರಾಟ ಕಾಯಿದೆಯ 24ನೆಯ ಪ್ರಕರಣ ಹೇಳುತ್ತದೆ. ಜಂಗಡ್ ಮಾಲನ್ನು ನುಂಗಿದವನ ಮೇಲೆ ನಂಬಿಕೆದ್ರೋಹದ ಮೊಕದ್ದಮೆ ಹೂಡುವುದೂ ಭಾರತದ ನ್ಯಾಯಾಲಯಗಳಿಗೆ ಪರಿಚಿತ. ಚೀಟಿಯ ಹಿಂದೆ ಕಾನೂನು ಕುಳಿತಿದೆ. ‘ಪ್ರಭುತ್ವದ ಹಂಗಿಲ್ಲದ’ ಎಂಬ ರಿಚ್‌ಮನ್‌ರ ಶೀರ್ಷಿಕೆ ಇಲ್ಲಿ ಅತಿಯಾಯಿತು. ಪಂಚರ ತೀರ್ಪನ್ನು ಜಾರಿ ಮಾಡಿಸಲು 1958ರ ನ್ಯೂಯಾರ್ಕ್ ಒಪ್ಪಂದವಿದೆ, ಭಾರತದಲ್ಲಿ 1996ರ ಪಂಚಾಯಿತಿ ಮತ್ತು ಸಂಧಾನ ಕಾಯಿದೆಯಿದೆ. ಕ್ಲಬ್ಬಿನ ತೀರ್ಪನ್ನು ಕೋರ್ಟು ಎತ್ತಿಹಿಡಿಯಬಲ್ಲದು ಎಂಬುದನ್ನು ಬರ್ನ್‌ಸ್ಟೈನ್ ಮರೆಮಾಚಿಲ್ಲ. ಅವರನ್ನು ಉಲ್ಲೇಖಿಸುವವರು ಮರೆಯುತ್ತಾರೆ. ಬ್ಯಾಂಕಿನ ಸಾಲ, ಸುಂಕದ ಕಟ್ಟೆ, ವೀಸಾ ಇವೆಲ್ಲ ಪ್ರಭುತ್ವದ ಕೊಡುಗೆಗಳೇ.

2018ರ ಆರಂಭದಲ್ಲಿ ಹೊರಬಂದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣವನ್ನು ಈ ದೃಷ್ಟಿಯಿಂದ ನೋಡಬೇಕು. ಮುಂಬಯಿಯ ಒಂದು ಶಾಖೆಯಿಂದ ವಜ್ರಾಭರಣದ ಸಂಸ್ಥೆಗಳ ಪರವಾಗಿ ಹೊರಟ ಜವಾಬುದಾರಿ ಪತ್ರಗಳು ಬ್ಯಾಂಕಿನ ಲೆಕ್ಕಪುಸ್ತಕಕ್ಕೆ ಏರದೆ ವಿದೇಶಗಳಲ್ಲಿ ಸಾಲವಾಗಿ ಮಾರ್ಪಟ್ಟವು. ಮೊತ್ತ 13,000 ಕೋಟಿ ರೂಪಾಯಿಯನ್ನು ಮೀರಿತು. ಆ ವರ್ಷದ ಮಾರ್ಚಿಯಲ್ಲಿ ರಿಸರ್ವ್ ಬ್ಯಾಂಕು ಅಂತಹ ಪತ್ರಗಳ ಪದ್ಧತಿಯನ್ನೇ ನಿಲ್ಲಿಸಿತು. ಅದರ ಪೆಟ್ಟು ಪ್ರಾಮಾಣಿಕ ಆಮದುದಾರರ ಮೇಲೂ ಬಿತ್ತು. ಇಲ್ಲಿನ ಆಪಾದಿತರ ತಪ್ಪು ಒಪ್ಪುಗಳನ್ನು ನ್ಯಾಯಾಲಯ ನಿರ್ಣಯಿಸಲಿ. ಸಿದ್ಧಾಂತಕ್ಕೆ ಬಿದ್ದ ಪೆಟ್ಟನ್ನು ಮಾತ್ರ ಗಮನಿಸಬಹುದು. ಒಳಗಿನವರ ನಡುವೆ ಸುದ್ದಿ ಬೇಗ ಹರಡುತ್ತದೆ, ಆದ್ದರಿಂದ ಮೋಸ ನಡೆಯದು ಎಂಬುದು ಈ ವಿದ್ವಾಂಸರ ಮಾತು. ಬ್ಯಾಂಕು ಒಳಗಿನದಲ್ಲ. ಅದರಲ್ಲಿ ಹಣವಿಟ್ಟ ಪಿಂಚಣಿದಾರನಂತೂ ಅಲ್ಲವೇ ಅಲ್ಲ. ವರ್ತಕರ ವಲಯದೊಳಗೆ ಮಾತು ಉಳಿಯುವಂತೆ ನೋಡಿಕೊಳ್ಳುವ ವ್ಯವಸ್ಥೆ, ಆ ವಲಯದ ಹೊರಗಿನವನಿಗೆ ಏನು ಕೊಡುತ್ತದೆ ಎಂಬ ಪ್ರಶ್ನೆಗೆ ಎರಡೂ ಕೃತಿಗಳಲ್ಲಿ ತೃಪ್ತಿಕರ ಉತ್ತರವಿಲ್ಲ.

ನಂಬಿಕೆಯ ಈ ಚರ್ಚೆಗೆ ಇನ್ನೂ ಹಳೆಯ ಒಂದು ಬೇರಿದೆ. ಅವ್ನರ್ ಗ್ರೈಫ್ ಎಂಬ ಅರ್ಥಶಾಸ್ತ್ರಜ್ಞರು 1989ರಿಂದ ಬರೆದ ಪ್ರಬಂಧಗಳಲ್ಲಿ ಹನ್ನೊಂದನೆಯ ಶತಮಾನದ ಮಗ್ರಿಬಿ ಯೆಹೂದಿ ವರ್ತಕರನ್ನು ಮಾದರಿಯಾಗಿ ಮುಂದಿಟ್ಟರು. ಅವರು ನ್ಯಾಯಾಲಯವಿಲ್ಲದೆ, ಮೋಸ ಮಾಡಿದವನನ್ನು ಒಗ್ಗಟ್ಟಾಗಿ ಬಹಿಷ್ಕರಿಸಿ ದೂರದ ವ್ಯಾಪಾರವನ್ನು ನಡೆಸಿದರು ಎಂದು ವಾದಿಸಿದರು. 2012ರಲ್ಲಿ ಜೆರೆಮಿ ಎಡ್ವರ್ಡ್ಸ್ ಮತ್ತು ಶೀಲಾ ಓಗಿಲ್ವಿ ಅದೇ ಪತ್ರಗಳನ್ನು ಮತ್ತೆ ಓದಿ, ಈ ವರ್ತಕರು ಬೇಕಾದಾಗ ನ್ಯಾಯಾಲಯಕ್ಕೆ ಹೋಗುತ್ತಿದ್ದರು, ಎಲ್ಲರೂ ಸೇರಿ ಬಹಿಷ್ಕರಿಸಿದ್ದಕ್ಕೆ ಆಧಾರ ತೆಳುವಾಗಿದೆ ಎಂದು ತೋರಿಸಿದರು. 2019ರಲ್ಲಿ ಬರ್ನ್‌ಸ್ಟೈನ್ ಅವರೇ ಮಗ್ರಿಬಿಗಳನ್ನು ಕುರಿತು ಮತ್ತೊಮ್ಮೆ ಬರೆಯಬೇಕಾಯಿತು.

ಈ ಪತ್ರಗಳ ರಾಶಿಯಲ್ಲಿ ಕನ್ನಡ ನಾಡಿನ ಒಂದು ತುಣುಕೂ ಇದೆ. ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಸಿಯ ಮೂಲದ ಯೆಹೂದಿ ವರ್ತಕ 1132ರ ಹೊತ್ತಿಗೆ ಮಂಗಳೂರಿನ ಕರಾವಳಿಗೆ ಬಂದು 1149ರವರೆಗೆ ಅಲ್ಲಿದ್ದ; ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸಿದ. ಅವನ ಪತ್ರಗಳು ಕೈರೋದ ಪ್ರಾರ್ಥನಾಮಂದಿರವೊಂದರ ಉಗ್ರಾಣದಲ್ಲಿ ಉಳಿದುಕೊಂಡವು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ನಾಶಮಾಡಬಾರದೆಂಬ ಶ್ರದ್ಧೆಯಿಂದ ಅವನ್ನು ಕೂಡಿಟ್ಟಿದ್ದರು. ಮಂಗಳೂರಿನ ಕಡೆಯ ಕಾರ್ದಾರನೊಬ್ಬ ಏಲಕ್ಕಿಗೆಂದು ಏಡನ್ನಿನ ವರ್ತಕರಿಂದ ಮುಂಗಡ ಹಣ ಪಡೆದು ಮಾಲು ಕೊಡದೆ ಹೋದ ಪ್ರಸಂಗ ಅವುಗಳಲ್ಲಿ ಬರುತ್ತದೆ. ಮಾತಿಗೆ ತಪ್ಪಿದವನ ಹೆಸರನ್ನು ಏಡನ್ನಿನಲ್ಲಿ ಬಹಿರಂಗವಾಗಿ ಖಂಡಿಸುವುದುಂಟೆಂದು ಅವನನ್ನು ಹೆದರಿಸಿ ನೋಡು, ಕೊಡದಿದ್ದರೆ ಖಂಡನಾಪತ್ರವನ್ನೇ ಕಳುಹಿಸುತ್ತೇವೆ ಎಂಬ ಅರ್ಥದ ಸಲಹೆ ಏಡನ್ನಿನಿಂದ ಬರುತ್ತದೆ. ನ್ಯೂಯಾರ್ಕಿನ ಗೋಡೆಯ ಭಾವಚಿತ್ರಕ್ಕೆ ಎಂಟುನೂರು ವರ್ಷ ಹಿಂದಿನ ಅಣ್ಣ ಇದು. ಆದರೆ ಕಾರ್ದಾರ ಯೆಹೂದಿಯಲ್ಲ. ಏಡನ್ನಿನ ಖಂಡನೆ ಮಂಗಳೂರಿನಲ್ಲಿ ಅವನ ಅನ್ನಕ್ಕೆ ಕಲ್ಲು ಹಾಕುತ್ತಿತ್ತೆನ್ನಲು ಕಾರಣವಿಲ್ಲ. ಹೆಸರಿನ ಭಯ ಹೆಸರಿಗೆ ಬೆಲೆಯಿರುವ ವಲಯದೊಳಗೆ ಮಾತ್ರ ನಡೆಯುತ್ತದೆ. ಸಿದ್ಧಾಂತದ ಮಿತಿಯನ್ನು ತೋರಿಸಲು ಈ ಏಲಕ್ಕಿ ಸಾಕು.

ವಲಯದ ಒಳಗೂ ಎಲ್ಲರ ಹೆಸರು ಒಂದೇ ತೂಕದ್ದಲ್ಲ. ಭಾರತದ ಕಾನೂನನ್ನು ದೀರ್ಘಕಾಲ ಅಭ್ಯಾಸ ಮಾಡಿದ ಮಾರ್ಕ್ ಗ್ಯಾಲಂಟರ್ ಅವರು 1974ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಮತ್ತೆ ಮತ್ತೆ ಕೋರ್ಟಿಗೆ ಬರುವ ಬಲಾಢ್ಯರು ಒಮ್ಮೆ ಮಾತ್ರ ಬರುವ ಬಡವರಿಗಿಂತ ಏಕೆ ಮುಂದಿರುತ್ತಾರೆ ಎಂಬುದನ್ನು ವಿವರಿಸಿದರು. ಕೋರ್ಟಿನ ಈ ದೋಷ ಪಂಚಾಯಿತಿಯಲ್ಲಿ ಇರುವುದಿಲ್ಲವೆಂದು ಭಾವಿಸಲು ಆಧಾರವೇನು? ಆಗ್ರಾದ ರತ್ನವ್ಯಾಪಾರಿ, ಅಧ್ಯಾತ್ಮ ಕವಿ ಬನಾರಸೀದಾಸರು 1641ರಲ್ಲಿ ಮುಗಿಸಿದ ಆತ್ಮಕಥೆ ‘ಅರ್ಧಕಥಾನಕ’ದಲ್ಲಿ ಪಾಲುಗಾರಿಕೆಯ ಲೆಕ್ಕ ತೀರಿಸಿಕೊಳ್ಳಲು ಒಬ್ಬ ಭಾರಿ ಶ್ರೀಮಂತನ ಹಜಾರದಲ್ಲಿ ದಿನಗಟ್ಟಲೆ ಕಾದ ಸಂಗತಿಯನ್ನು ಹೇಳಿಕೊಂಡಿದ್ದಾರೆ. ಒಳಗೆ ಸಂಗೀತ, ವಿನೋದ, ಲೆಕ್ಕಕ್ಕೆ ಬಿಡುವಿಲ್ಲ. ಕೊನೆಗೆ ಪರಿಚಿತರೊಬ್ಬರ ಮಧ್ಯಸ್ಥಿಕೆಯಿಂದ ಬಾಬತ್ತು ತೀರಿತು. ಇಬ್ಬರೂ ಒಂದೇ ಪೇಟೆಯವರು. ಹೆಸರಿನ ಭಯ ಬನಾರಸೀದಾಸರಿಗಿತ್ತು, ಶ್ರೀಮಂತನಿಗಿರಲಿಲ್ಲ. ಸಣ್ಣ ದಲಾಲರನ್ನು ಮಾತನಾಡಿಸಿ ಬರೆದಿದ್ದರೆ ರಿಚ್‌ಮನ್‌ರ ಪುಸ್ತಕಕ್ಕೆ ಇನ್ನೊಂದು ಅಧ್ಯಾಯ ಸೇರುತ್ತಿತ್ತು.

ಇದಕ್ಕಿಂತ ದೊಡ್ಡ ಆಕ್ಷೇಪಣೆ ಬೇರೆಯಿದೆ. ಪಾಲನಪುರದ ಕುಟುಂಬಗಳು 1960ರ ದಶಕದಿಂದ ಆಂಟ್‌ವರ್ಪ್‌ನಲ್ಲಿ ನೆಲೆಯೂರಿದಾಗ ಅವರು ಕೈಹಾಕಿದ್ದು ಅಲ್ಲಿನವರು ಲಾಭವಿಲ್ಲವೆಂದು ಬಿಟ್ಟ ಸಣ್ಣ ಹರಳುಗಳಿಗೆ. ಆ ಹರಳುಗಳನ್ನು ಸೂರತ್ತಿನಲ್ಲಿ ಕೆತ್ತಿಸಿ ಹೊಳಪು ಕೊಡಿಸಿ ಮಾರಿದರು. ಇಂದು ಪ್ರಪಂಚದ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಭಾರತದಲ್ಲಿ ಮೆರುಗು ಪಡೆಯುತ್ತವೆ. ಸೂರತ್ತಿನಲ್ಲಿ 2023ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ವಜ್ರಪೇಟೆಯ ಕಟ್ಟಡ ಪ್ರಪಂಚದ ಅತಿ ದೊಡ್ಡ ಕಚೇರಿ ಸಂಕೀರ್ಣವೆನಿಸಿತು. ಈ ಏಳಿಗೆಯಲ್ಲಿ ನಂಬಿಕೆಯ ಪಾಲೆಷ್ಟು, ಅಗ್ಗದ ಕೂಲಿಯ ಪಾಲೆಷ್ಟು? ಲಾಭನಷ್ಟದ ತಃಖ್ತೆಯನ್ನು ಬರೆಯುವ ಗುಮಾಸ್ತನಿಗೆ ಮೊದಲು ಹೊಳೆಯುವ ಪ್ರಶ್ನೆ ಇದು. ಕಾನೂನಿನ ವಿದ್ವಾಂಸರು ವರ್ತಕನಿಗೂ ವರ್ತಕನಿಗೂ ನಡುವಿನ ಮಾತನ್ನು ಅಳೆದರು, ಗಿರಣಿಯ ಮುಂದೆ ಕುಳಿತ ರತ್ನಕಾರನನ್ನು ಅಳೆಯಲಿಲ್ಲ. ಸೌರಾಷ್ಟ್ರದ ಹಳ್ಳಿಗಳಿಂದ ಬಂದ ಇವರಲ್ಲಿ ಬಹುಮಂದಿಗೆ ಹರಳಿನ ಎಣಿಕೆಯ ಮೇಲೆ ಕೂಲಿ. 2008ರ ಕೊನೆಯಲ್ಲಿ ಅಮೆರಿಕದ ಬೇಡಿಕೆ ಕುಸಿದಾಗ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡು ಊರಿಗೆ ಹಿಂದಿರುಗಿದರು. ವರ್ತಕನ ಹಣ ಕೊಡದ ವರ್ತಕನ ಭಾವಚಿತ್ರ ಗೋಡೆಗೇರುತ್ತದೆ ಎಂದು ಬರ್ನ್‌ಸ್ಟೈನ್ ಬರೆದರು. ಕೂಲಿ ಕೊಡದವನ ಭಾವಚಿತ್ರ ಯಾವ ಗೋಡೆಗೆ ಏರುತ್ತದೆ?

ಸರಪಳಿಯ ಇನ್ನೊಂದು ತುದಿ ಗಣಿ. ಅಂಗೋಲ, ಸಿಯೆರ ಲಿಯೋನ್ ದೇಶಗಳ ಬಂಡುಕೋರರು ವಜ್ರ ಮಾರಿ ಶಸ್ತ್ರ ಕೊಳ್ಳುತ್ತಿದ್ದುದರಿಂದ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1998 ಮತ್ತು 2000ರಲ್ಲಿ ನಿರ್ಬಂಧ ವಿಧಿಸಿತು. 2000ದ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಕಿಂಬರ್ಲಿಯಲ್ಲಿ ಆರಂಭವಾದ ಮಾತುಕತೆ 2003ರ ಜನವರಿಯಿಂದ ಪ್ರಮಾಣಪತ್ರದ ಪದ್ಧತಿಯಾಗಿ ಜಾರಿಗೆ ಬಂತು. ಇದನ್ನು ಅಂತರರಾಷ್ಟ್ರೀಯ ವ್ಯಾಪಾರ ಕಾನೂನಿನ ವಿದ್ವಾಂಸರು ಬಹುವಾಗಿ ಹೊಗಳಿದ್ದಾರೆ. ಸ್ವಲ್ಪ ಮಟ್ಟಿಗೆ ಅದು ಸರಿಯೂ ಹೌದು. ಆದರೆ ‘ಸಂಘರ್ಷದ ವಜ್ರ’ ಎಂಬ ಪದದ ವ್ಯಾಖ್ಯೆಯನ್ನು ಓದಿದರೆ, ನ್ಯಾಯಸಮ್ಮತ ಸರ್ಕಾರವನ್ನು ಉರುಳಿಸಲು ಬಂಡುಕೋರರು ಬಳಸುವ ಕಚ್ಚಾ ಹರಳು ಮಾತ್ರ ಅದರೊಳಗೆ ಬರುತ್ತದೆ. ಸರ್ಕಾರವೇ ರಕ್ತ ಹರಿಸಿದರೆ ಹರಳು ಶುದ್ಧ. 2008ರಲ್ಲಿ ಜಿಂಬಾಬ್ವೆಯ ಮರಾಂಗೆ ಗಣಿಗಳಲ್ಲಿ ಸೈನ್ಯ ನಡೆಸಿದ ಕಾರ್ಯಾಚರಣೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರೆಂದು ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. ಆ ವರ್ಷ ಕಿಂಬರ್ಲಿ ವ್ಯವಸ್ಥೆಯ ಅಧ್ಯಕ್ಷಸ್ಥಾನ ಭಾರತದ್ದಾಗಿತ್ತು. 2011ರ ನವೆಂಬರಿನಲ್ಲಿ ಮರಾಂಗೆಯ ರಫ್ತಿಗೆ ಅನುಮತಿ ದೊರೆಯಿತು. ಮರುತಿಂಗಳು, ಈ ವ್ಯವಸ್ಥೆಯ ಹುಟ್ಟಿಗೆ ದುಡಿದ ಗ್ಲೋಬಲ್ ವಿಟ್ನೆಸ್ ಸಂಸ್ಥೆ ಅದರಿಂದ ಹೊರನಡೆಯಿತು. 2019ರಲ್ಲಿ ಮತ್ತೆ ಭಾರತದ ಅಧ್ಯಕ್ಷತೆಯಲ್ಲೇ ನವದೆಹಲಿಯಲ್ಲಿ ಸೇರಿದ ಸಭೆಯಲ್ಲಿ ವ್ಯಾಖ್ಯೆಯನ್ನು ವಿಸ್ತರಿಸಲು ಒಮ್ಮತ ಮೂಡಲಿಲ್ಲ. ಪ್ರಮಾಣಪತ್ರವಾದರೂ ಕಚ್ಚಾ ಹರಳಿಗೆ ಮಾತ್ರ. ಬೇರೆ ಬೇರೆ ಗಣಿಗಳ ಮಾಲನ್ನು ಗಾತ್ರ, ಬಣ್ಣಗಳಂತೆ ಬೇರ್ಪಡಿಸಿ ಕೂಡಿಸಿದ ಮೇಲೆ ‘ಮಿಶ್ರಮೂಲ’ ಎಂಬ ಒಂದು ಪದ ಸಾಕಾಗುತ್ತದೆ. ಮೆರುಗಾದ ಮೇಲೆ ಉಳಿಯುವುದು ಬಿಲ್ಲಿನ ಕೆಳಗೆ ಅಚ್ಚಾದ ಒಂದು ಭರವಸೆಯ ವಾಕ್ಯ. ಹರಳಿನ ಹುಟ್ಟೂರನ್ನು ಪತ್ತೆ ಮಾಡುವುದು ಅಸಾಧ್ಯವೆಂದು ಇಪ್ಪತ್ತು ವರ್ಷ ಹೇಳಿದ ಪೇಟೆಯನ್ನು, ಉಕ್ರೇನಿನ ಯುದ್ಧದ ನಂತರ ಯೂರೋಪಿಯನ್ ಒಕ್ಕೂಟವು 2024ರ ಮಾರ್ಚಿಯಿಂದ ಒಂದು ಕ್ಯಾರೆಟ್ಟಿಗೂ ಮೇಲಿನ, ಮೂರನೆಯ ದೇಶದಲ್ಲಿ ಮೆರುಗಾದ ರಷ್ಯದ ಹರಳನ್ನೂ ನಿಷೇಧಿಸಿ, ಮೂಲ ಎಲ್ಲಿಯದೆಂದು ಕೇಳಿತು. ಪೂರ್ಣಪತ್ತೆಯ ಏರ್ಪಾಟು ಮುಂದಕ್ಕೆ ಹೋಗುತ್ತಲೇ ಇದ್ದಿತಾದರೂ, ಕೇಳಬೇಕೆಂಬ ಮನಸ್ಸಿದ್ದರೆ ಕೇಳಬಹುದೆಂಬುದು ಬಯಲಾಯಿತು.

ಇಲ್ಲಿ ಆಗಮದ ದೃಷ್ಟಿಯನ್ನು ತಂದು ಹೋಲಿಸುವುದು ಉಚಿತ. ‘ನಮ್ಮ ಹಿರಿಯರು ಎಲ್ಲವನ್ನೂ ಮೊದಲೇ ಹೇಳಿದ್ದರು’ ಎಂಬ ಹೆಮ್ಮೆ ಇಂತಹ ಪುಟಗಳಲ್ಲಿ ಆಗಾಗ ಇಣುಕುತ್ತದೆ, ಅದರ ಅಗತ್ಯವಿಲ್ಲ. ಉಮಾಸ್ವಾಮಿಗಳ ಕಾಲದಲ್ಲಿ ಹಡಗಿನ ಸರಪಳಿ ಪೂರೈಕೆ ಇಂದಿನಂತಿರಲಿಲ್ಲ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳು ಸಂಪೂರ್ಣವಾಗಿ ವರ್ತಕನನ್ನು ಕಣ್ಣಮುಂದಿಟ್ಟುಕೊಂಡು ಹೇಳಿದವು ಎಂಬುದರಲ್ಲಿ ಸಂಶಯವಿಲ್ಲ. ಸುಳ್ಳು ತೂಕ, ನಕಲಿ ಮಾಲು ಇವು ಎಲ್ಲರಿಗೂ ತಿಳಿದವು. ‘ತದಾಹೃತಾದಾನ’ ಮತ್ತು ‘ವಿರುದ್ಧರಾಜ್ಯಾತಿಕ್ರಮ’ ಎಂಬ ಎರಡು ಪದಗಳ ಮೇಲೆ ಕನ್ನಡ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮಾಡಿರುವ ವಿವರಣೆ ಈ ಸಂದರ್ಭದಲ್ಲಿ ಓದತಕ್ಕದ್ದು. ತಾನು ಪ್ರೇರಿಸದ, ತಾನು ಅನುಮೋದಿಸದ ಕಳ್ಳ ತಂದ ವಸ್ತುವನ್ನು ಸ್ವೀಕರಿಸುವುದು ಮೊದಲನೆಯದರ ಅರ್ಥ. ಅಂದರೆ ‘ನಾನು ಕದಿಯಲು ಹೇಳಲಿಲ್ಲ, ಕದ್ದದ್ದನ್ನು ಮೆಚ್ಚಲೂ ಇಲ್ಲ’ ಎಂಬ ಸಮಜಾಯಿಷಿಯನ್ನು ಆಚಾರ್ಯರು ಮೊದಲೇ ಕೇಳಿಕೊಂಡು, ಆದರೂ ದೋಷ ಉಂಟು ಎಂದಿದ್ದಾರೆ. ಎರಡನೆಯದಕ್ಕೆ, ರಾಜ್ಯವ್ಯವಸ್ಥೆ ಕೆಟ್ಟ ಕಡೆ ಬೆಲೆಬಾಳುವ ವಸ್ತುಗಳು ಅಲ್ಪಬೆಲೆಗೆ ಸಿಗುತ್ತವೆಂದು ನ್ಯಾಯವಲ್ಲದ ರೀತಿಯಲ್ಲಿ ಪಡೆಯಲು ಹೊರಡುವುದು ಎಂಬ ಭಾವದ ವಿವರಣೆ ಇದೆ. ಬಂಡುಕೋರನೋ ಸರ್ಕಾರವೋ ಎಂಬ ಭೇದ ಅಲ್ಲಿಲ್ಲ. ಕಿಂಬರ್ಲಿಯ ವ್ಯಾಖ್ಯೆ ಮಾರುವವನ ಕೈಯನ್ನು ನೋಡುತ್ತದೆ. ಪೂಜ್ಯಪಾದರ ವಿವರಣೆ ಕೊಳ್ಳುವವನ ಆಸೆಯನ್ನು ನೋಡುತ್ತದೆ.

ಜಾನ್ ರಗ್ಗಿ ಅವರು ಸಿದ್ಧಪಡಿಸಿ 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಅನುಮೋದಿಸಿದ ಮಾರ್ಗದರ್ಶಿ ತತ್ತ್ವಗಳು, ಸಂಸ್ಥೆಯೊಂದು ಕೇಡನ್ನು ತಾನೇ ಮಾಡಿತೇ, ಅದಕ್ಕೆ ನೆರವಾಯಿತೇ, ಅಥವಾ ವ್ಯಾಪಾರ ಸಂಬಂಧದ ಮೂಲಕ ಅದರೊಡನೆ ನೇರವಾಗಿ ಸೇರಿಕೊಂಡಿದೆಯೇ ಎಂದು ಮೂರು ಬಗೆಯಾಗಿ ವಿಂಗಡಿಸುತ್ತವೆ. ಇದನ್ನು ಕೃತ, ಕಾರಿತ, ಅನುಮೋದಿತ ಎಂಬ ಮೂರಕ್ಕೆ ಸಮನೆಂದು ಹೇಳುವ ಆತುರ ಬೇಡ. ಅನುಮೋದನೆ ಮನಸ್ಸಿನ ಕ್ರಿಯೆ, ಆಸ್ರವಕ್ಕೆ ಕಾರಣವಾದದ್ದು. ರಗ್ಗಿಯವರ ಮೂರನೆಯ ಬಗೆ ಮನಸ್ಸನ್ನು ಕೇಳುವುದಿಲ್ಲ, ಸಂಬಂಧವನ್ನು ಮಾತ್ರ ಕೇಳುತ್ತದೆ. ಅದು ಹತ್ತಿರವಾಗುವುದು ತದಾಹೃತಾದಾನಕ್ಕೆ. ಈ ತತ್ತ್ವಗಳನ್ನು ಕಾನೂನಾಗಿಸಿದ ಯೂರೋಪಿನ 2024ರ ನಿರ್ದೇಶನದ ಜಾರಿಯನ್ನು 2025ರಲ್ಲಿ ಅವರೇ ಮುಂದೂಡಿದರು. ಇಂತಹ ಕಾನೂನುಗಳನ್ನು ಕುರಿತು ಏಷ್ಯದ ವಿದ್ವಾಂಸರು ಎತ್ತುವ ಒಂದು ದೂರು ನ್ಯಾಯವಾದದ್ದು: ಪಶ್ಚಿಮದ ಕೊಳ್ಳುವ ಸಂಸ್ಥೆ ಬೆಲೆಯನ್ನು ಇಳಿಸುತ್ತದೆ, ಜವಾಬ್ದಾರಿಯನ್ನು ಮಾತ್ರ ಕರಾರಿನ ಮೂಲಕ ಸೂರತ್ತಿಗೋ ಢಾಕಾಕ್ಕೋ ದಾಟಿಸುತ್ತದೆ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಉಡುಪು ಕಾರ್ಮಿಕರು ಸತ್ತಾಗ ತಪಾಸಣೆಯ ಕಾಗದಗಳಿಗೆ ಕೊರತೆಯಿರಲಿಲ್ಲ. ಆದರೆ ಈ ದೂರನ್ನು ಹೇಳುವ ವರ್ತಕ ತನ್ನ ಕೆಳಗಿನ ಗುತ್ತಿಗೆದಾರನಿಗೆ ತಾನೇ ಅದನ್ನು ಮಾಡುತ್ತಿದ್ದಾನೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ.

ದೇವಸ್ಥಾನದ ಆಡಳಿತ ನೋಡುವವರಿಗೆ ಈ ಸಾಹಿತ್ಯದಲ್ಲಿ ಅತಿ ಹೆಚ್ಚು ಪ್ರಯೋಜನಕ್ಕೆ ಬರುವ ಗ್ರಂಥ ಬೇರೊಂದು: ರಿತು ಬಿರ್ಲಾ ಅವರ ‘ಸ್ಟೇಜಸ್ ಆಫ್ ಕ್ಯಾಪಿಟಲ್’, 2009. ಬ್ರಿಟಿಷ್ ಆಡಳಿತ 1882ರ ಕಂಪನಿ ಕಾಯಿದೆಯಿಂದ 1920ರ ಧರ್ಮಾದಾಯ ಟ್ರಸ್ಟುಗಳ ಕಾಯಿದೆಯವರೆಗೆ, ಒಂದೇ ಗದ್ದಿಯಲ್ಲಿ ಕೂಡಿ ನಡೆಯುತ್ತಿದ್ದ ವ್ಯಾಪಾರ, ಕುಟುಂಬ ಮತ್ತು ದಾನಗಳನ್ನು ಹೇಗೆ ಬೇರೆ ಬೇರೆ ಕಪಾಟುಗಳಲ್ಲಿ ಇರಿಸಿತು ಎಂಬುದನ್ನು ಅವರು ಮಾರವಾಡಿ ವರ್ತಕರ ಉದಾಹರಣೆಯಿಂದ ತೋರಿಸಿದ್ದಾರೆ. ಭಾಷೆ ಕಠಿಣ, ಸರಳವಾಗಿ ಹೇಳಬಹುದಾದದ್ದನ್ನು ಸಿದ್ಧಾಂತದ ಮುಸುಕಿನಲ್ಲಿ ಹೇಳುವ ಚಟವೂ ಇದೆ. ಆದರೂ ತಾಳ್ಮೆಯಿಂದ ಓದಿದವನಿಗೆ ಒಂದು ಸಂಗತಿ ಹೊಳೆಯುತ್ತದೆ. ವ್ಯಾಪಾರವೂ ದಾನವೂ ಬೇರೆಯಾದ ಮೇಲೆ ಕಾನೂನು ಟ್ರಸ್ಟಿನ ಹಣ ಎಲ್ಲಿಗೆ ಹೋಯಿತೆಂದು ಕೇಳುತ್ತದೆ, ಎಲ್ಲಿಂದ ಬಂತೆಂದು ಕೇಳುವುದು ಕಡಿಮೆ. 2006ರ ಹಣಕಾಸು ಕಾಯಿದೆ ಅನಾಮಧೇಯ ದಾನಗಳಿಗೆ ತೆರಿಗೆ ವಿಧಿಸಿದಾಗಲೂ ಕೇವಲ ಧಾರ್ಮಿಕ ಉದ್ದೇಶದ ಟ್ರಸ್ಟುಗಳನ್ನು ಅದರಿಂದ ಹೊರಗಿಟ್ಟಿತು.

ಶ್ರಾವಕಾಚಾರಗಳ ಕ್ರಮ ಇದಕ್ಕೆ ವಿರುದ್ಧವಾದದ್ದು. ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲು ಇಡುತ್ತಾರೆ, ಪೂಜೆ ದಾನಗಳು ಆಮೇಲೆ. ಶ್ವೇತಾಂಬರ ಪರಂಪರೆಯಲ್ಲಿ ಹೇಮಚಂದ್ರರೂ ಯೋಗಶಾಸ್ತ್ರದಲ್ಲಿ ಇದನ್ನೇ ಮೊದಲನೆಯ ಗುಣವಾಗಿ ಹೇಳಿದ್ದಾರೆ. ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕಸುಬುಗಳಲ್ಲಿ ಭೂಮಿಯನ್ನು ಅಗೆಯುವ, ಕಲ್ಲನ್ನು ಒಡೆಯುವ ಕಸುಬನ್ನೂ ಸೇರಿಸಿದ್ದಾರೆ. ಗಣಿಯನ್ನು ತಾನು ಮಾಡದೆ ಗಣಿಯ ಮಾಲನ್ನು ಮಾತ್ರ ಕೊಳ್ಳುವವನ ಸ್ಥಿತಿ ಏನೆಂಬ ಪ್ರಶ್ನೆ ಮುನಿಸಂಘದ ಮುಂದೆ ಇಡತಕ್ಕದ್ದು. ಟ್ರಸ್ಟಿಗಳ ಮುಂದೆ ಇರುವುದು ಇನ್ನೂ ಸಣ್ಣ ಪ್ರಶ್ನೆ. ಮಹಾಮಸ್ತಕಾಭಿಷೇಕದ ಕಲಶಕ್ಕೋ ಪಂಚಕಲ್ಯಾಣದ ಇಂದ್ರಪದವಿಗೋ ಸವಾಲು ಕೂಗುವಾಗ ಬರೆದುಕೊಳ್ಳುವ ರಸೀತಿ ಪುಸ್ತಕದಲ್ಲಿ ಈಗ ಮೂರು ಅಂಕಣಗಳಿರುತ್ತವೆ: ದಾತೃವಿನ ಹೆಸರು, ಮೊತ್ತ, ಸೇವೆಯ ವಿವರ. ಸೂರತ್ತಿನ ರತ್ನಕಾರನ ಕೂಲಿ ಬಾಕಿ ಇರುವ ವರ್ಷದಲ್ಲಿ ಅತಿ ದೊಡ್ಡ ಸವಾಲು ಕೂಗಿದವನ ರಸೀತಿಯನ್ನೂ ಈ ಮೂರು ಅಂಕಣಗಳಲ್ಲೇ ಬರೆಯಬೇಕು. ನಾಲ್ಕನೆಯ ಅಂಕಣವನ್ನು ಆಶಾಧರರು ಹೆಸರಿಸಿದ್ದಾರೆ; ಅದನ್ನು ಭರ್ತಿ ಮಾಡುವವರು ಯಾರು, ದಾತೃವೋ ಗುಮಾಸ್ತನೋ ಟ್ರಸ್ಟಿಯೋ ಎಂಬುದನ್ನು ಯಾವ ಟ್ರಸ್ಟಿನ ನಿಯಮಾವಳಿಯಾದರೂ ಒಮ್ಮೆ ಚರ್ಚೆಗೆ ತಂದರೆ, ಬರ್ನ್‌ಸ್ಟೈನ್ ಮತ್ತು ರಿಚ್‌ಮನ್ ಅವರ ಮುಂದಿನ ಓದುಗರಿಗೆ ಒಂದು ಹೊಸ ದಾಖಲೆ ದೊರೆತಂತಾಗುತ್ತದೆ.